ಕುಡಗೋಲು ಅದ್ದಿ ಬರೆದ ಉತ್ತರ

ಗಂಡನಿಂದ ವಿದ್ಯೆ ಕಲಿತ ಹೆಂಗಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಸೈಕಲ್ ಕಲಿತವರಿದ್ದಾರೆ, ಬ್ಯಾಂಕಿನ ಚೀಟಿ ತುಂಬುವುದನ್ನು ಕಲಿತವರಿದ್ದಾರೆ, ಇಸ್ಪೀಟು ಕಲಿತು ಮರುವಾರವೇ ಗಂಡನನ್ನು ಸೋಲಿಸಿದವರೂ ಇದ್ದಾರೆ. ಆದರೆ ರಸಾಯನಶಾಸ್ತ್ರ ಕಲಿತು, ಅದಾದ ಮೇಲೂ ಅದೇ ಗಂಡನ ಜೊತೆ ನಗುನಗುತ್ತಾ ಸಂಸಾರ ಮಾಡಿಕೊಂಡಿರುವವರು ಯಾರು ಎಂದು ಕೇಳಿದರೆ ನಾನು ಧೈರ್ಯವಾಗಿ ಕೈ ಎತ್ತುತ್ತೇನೆ. ಇನ್ನೊಂದು ಕೈ ಎದ್ದದ್ದನ್ನು ಇಲ್ಲಿಯವರೆಗೆ ನೋಡಿಲ್ಲ. ನಮ್ಮ ಮನೆಯವರು ಕಾಗವಾಡದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ನಾನು ಅದೇ ವಿಜ್ಞಾನದಲ್ಲಿ ನಪಾಸಾದವಳು. ಈ ಜೋಡಿ ಕೂಡಿಸಿದವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಲಗ್ನದ ಮಾತುಕತೆಗೆಂದು ಅಕ್ಕೋಳದ ನಮ್ಮ ಮನೆಗೆ ಬಂದಿದ್ದಾಗ ಇವರ ಸೋದರಮಾವ, "ಹುಡುಗಿ ಎಲ್ಲೀತನಕ ಓದ್ಯಾಳ್ರಿ?" ಎಂದು ಕೇಳಿದರು. ನಮ್ಮಪ್ಪ, "ಎಸ್ಸೆಸ್ಸೆಲ್ಸಿ ತನಕ ಓದ್ಯಾಳ್ರಿ" ಎಂದರು. ಓದಿದ್ದು ನಿಜವೇ. ಆಮೇಲೆ ಏನಾಯಿತು ಎಂದು ಅವರು ಕೇಳಲಿಲ್ಲ, ನಮ್ಮಪ್ಪ ಹೇಳಲಿಲ್ಲ, ನಾನು ಒಳಗೆ ಅವಲಕ್ಕಿ ಕಲಸುತ್ತಿದ್ದೆ.

ಲಗ್ನವಾದ ಎರಡನೆಯ ತಿಂಗಳು ನನ್ನ ಟ್ರಂಕಿನ ತಳದಲ್ಲಿ ಅಂಕಪಟ್ಟಿ ಇವರ ಕೈಗೆ ಸಿಕ್ಕಿತು. ಒಂದು ಸಲ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಂದು ಸಲ ನೋಡಿದರು.

"ವಿಜ್ಞಾನದಾಗ ಇಪ್ಪತ್ತಾರಾ?"

"ಹೌದ್ರಿ."

"ಇದರಾಗ ರಸಾಯನಶಾಸ್ತ್ರದ್ದು ಎಷ್ಟು ಇರಬಹುದು?"

"ಅದರಾಗ ನಾ ಏನೂ ಬರದs ಇಲ್ರಿ. ಜೀವಶಾಸ್ತ್ರದಾಗ ಹೃದಯದ ಚಿತ್ರ ತಗದೇನಿ, ಅದಕ್ಕ ಕೊಟ್ಟಾರ."

ಅವರು ಅಂಕಪಟ್ಟಿಯನ್ನು ಮಡಚಿ, ಇದ್ದ ಜಾಗದಲ್ಲೇ ಇಟ್ಟು, ಟ್ರಂಕು ಮುಚ್ಚಿದರು. ಮುಂದೆ ಆರು ವರ್ಷ ಆ ವಿಷಯ ಎತ್ತಲಿಲ್ಲ. ದೊಡ್ಡ ಮನಸ್ಸಿನವರು ಎಂದು ನಾನು ತಿಳಿದಿದ್ದೆ. ಶಾಲೆಯಲ್ಲಿ ಯಾರಿಗಾದರೂ ಗೊತ್ತಾದೀತೆಂಬ ಹೆದರಿಕೆ ಎಂದು ಅತ್ತೆಯವರು ಆಮೇಲೆ ಹೇಳಿದರು.

ಆರು ವರ್ಷಗಳ ನಂತರ ನಮ್ಮೂರಿಗೆ ಅಂಗನವಾಡಿ ಬರುತ್ತದೆ ಎಂಬ ಸುದ್ದಿ ಬಂತು. ಕಲಿಸುವವಳು ಊರಿನ ಹೆಣ್ಣುಮಗಳೇ ಆಗಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂದರು. ಅಂದು ನನಗೆ ಆದ ಸಂಕಟವನ್ನು ಮುಚ್ಚಿಡುವುದಿಲ್ಲ. ಊರಿನಲ್ಲಿ ನನಗೆ ಹೆಸರೆಂಬುದೇ ಇರಲಿಲ್ಲ. ಬಾವಿಕಟ್ಟೆಯಲ್ಲಿ ನಾನು "ಮಾಸ್ತರ ಮನಿಯಾಕಿ", ದ್ರಾಕ್ಷಿ ತೋಟದಲ್ಲಿ ಮೈದುನನ ಲೆಕ್ಕದಲ್ಲಿ "ಭೂಪಾಲಣ್ಣನ ವೈನಿ", ಅಂದರೆ ಅತ್ತಿಗೆ, ಬಸದಿಯಲ್ಲಿ "ದೊಡ್ಡ ಸೊಸಿ". ಬೆಳಗ್ಗೆ ಹತ್ತು ಗಂಟೆಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡಬೇಕು, ಸಣ್ಣ ಹುಡುಗರು ಬಂದು ಸೆರಗು ಹಿಡಿದು, ಟೀಚರನ್ನು ಕರೆಯುವಂತೆ, "ಅಕ್ಕೋರ, ಅಕ್ಕೋರ" ಎನ್ನಬೇಕು. ಇಷ್ಟೇ ನನ್ನ ಆಸೆ, ಆದರೆ ಬಹಳ ಜೋರಾದ ಆಸೆ. ನಡುವೆ ನಿಂತಿದ್ದು ಒಂಬತ್ತೇ ಅಂಕ. ಮನೆಯಲ್ಲೇ ವಿಜ್ಞಾನದ ಮಾಸ್ತರರಿರುವಾಗ ಒಂಬತ್ತು ಅಂಕ ಯಾವ ಲೆಕ್ಕ ಎಂದುಕೊಂಡು, ವಿಜ್ಞಾನ ಒಂದಕ್ಕೇ ಬಾಹ್ಯ ಪರೀಕ್ಷೆಯ ಅರ್ಜಿ ತುಂಬಿದೆ.

ಇವರು ಮರುಮಾತಿಲ್ಲದೆ ಒಪ್ಪಿಕೊಂಡರು. ನಮ್ಮ ಭಾಗದಲ್ಲಿ ಇವರ 'ಮುಖ್ಯಾಂಶ' ಬಹಳ ಹೆಸರುವಾಸಿ. ಪರೀಕ್ಷೆ ಹತ್ತಿರವಾದಂತೆ ಇಡೀ ರಸಾಯನಶಾಸ್ತ್ರವನ್ನು ಹತ್ತು ಪಾಯಿಂಟಿಗೆ ಇಳಿಸಿ ಬರೆಸುತ್ತಿದ್ದರು. ಆಮ್ಲ, ಪ್ರತ್ಯಾಮ್ಲ, ವೇಲೆನ್ಸಿ, ಗಡಸು ನೀರು, ಸ್ಥಾನಪಲ್ಲಟ ಕ್ರಿಯೆ, ಹೀಗೆ. ಕುಡಚಿಯಿಂದಲೂ ಹುಡುಗರು ರೈಲು ಹತ್ತಿ ಬಂದು ಅದನ್ನು ಬರೆದುಕೊಂಡು ಹೋಗುತ್ತಿದ್ದರು. ಆ ಹತ್ತೂ ಪಾಯಿಂಟು ಈಗ ನನ್ನ ಅಡುಗೆಮನೆಗೆ ಬಂದವು. ಹಿಟ್ಟಿನ ಡಬ್ಬಿಗಳ ಮೇಲಿನ ಗೋಡೆಗೆ ಆವರ್ತ ಕೋಷ್ಟಕ, ಬಚ್ಚಲಿನ ಬಾಗಿಲಿಗೆ ಗಡಸು ನೀರು, ರೊಟ್ಟಿ ಬಡಿಯುವ ಕಡೆ ವೇಲೆನ್ಸಿ. ಓದು ಬಾರದ ಅತ್ತೆಯವರು ಆವರ್ತ ಕೋಷ್ಟಕವನ್ನು ಹೊಸ ಕ್ಯಾಲೆಂಡರ್ ಎಂದು ತಿಳಿದು, ಅಷ್ಟಮಿ ಯಾವತ್ತು ಬರುತ್ತದೆ ನೋಡಿ ಹೇಳು ಎಂದು ಎರಡು ದಿನ ನನ್ನನ್ನು ಕೇಳಿದರು.

ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ. ಬೇರೆಯವರ ಮನೆಯಲ್ಲಿ ಒಲೆ ಹೊತ್ತುವ ಹೊತ್ತಿಗೆ ನಮ್ಮಲ್ಲಿ ಪಾತ್ರೆ ತೊಳೆದಾಗಿರುತ್ತದೆ. ಹೀಗಾಗಿ ಸಂಜೆ ನನಗೆ ತಪ್ಪಿಸಿಕೊಳ್ಳಲು ಒಂದು ನೆಪವೂ ಇರಲಿಲ್ಲ. ಅರವತ್ತು ಹುಡುಗರ ಎದುರು ಇವರು ಎಷ್ಟು ಶಾಂತರೋ, ಒಬ್ಬ ಹೆಂಡತಿಯ ಎದುರು ಅಷ್ಟೇ ಉಗ್ರರು. "ಸೋಡಿಯಂ ವೇಲೆನ್ಸಿ ಎಷ್ಟು?" ಎನ್ನುವರು. ನಾನು ಒಂದು ಎನ್ನುವೆ. "ಯಾಕ ಒಂದು?" ಎನ್ನುವರು. "ನೀವs ನಿನ್ನೆ ಒಂದು ಅಂದಿದ್ರಿ" ಎನ್ನುವೆ. ಆಗ ಅವರು ಡಸ್ಟರಿಗಾಗಿ ಕೈ ಚಾಚುವರು. ಮನೆಯಲ್ಲಿ ಡಸ್ಟರ್ ಇರುತ್ತಿರಲಿಲ್ಲವಾದ್ದರಿಂದ ಕೈಗೆ ಸಿಕ್ಕಿದ ಲಟ್ಟಣಿಗೆಯಿಂದ ಮೇಜು ಕುಟ್ಟುವರು. ಒಂದು ಲಟ್ಟಣಿಗೆ ಹೀಗೆ ಸೀಳಿತು. ಇಂಥ ಗಂಡಸನ್ನು ತಿದ್ದಬಹುದೆಂಬ ಆತ್ಮವಿಶ್ವಾಸ ನನ್ನಲ್ಲಿ ಹುಟ್ಟಿದ್ದು ಆಗಲೇ.

ಒಂದು ಸಂಜೆ ಸೋಸುವಿಕೆಯ ಪಾಠ. ಇವರು ಗಂಭೀರವಾಗಿ ಹೇಳಿ ಬರೆಸುತ್ತಿದ್ದರು: "ಸೋಸಿದಾಗ ಕೆಳಗೆ ಇಳಿಯುವುದು ಶೋಧಿತ. ಮೇಲೆ ಉಳಿಯುವುದು ಶೇಷ. ಶೇಷವನ್ನು ಎಸೆಯಬೇಕು." ಜಪಮಣಿ ಹಿಡಿದು ಮೂಲೆಯಲ್ಲಿ ಕುಳಿತಿದ್ದ ಅತ್ತೆಯವರು ತಟ್ಟನೆ ಕಣ್ಣು ತೆರೆದರು.

"ಏನs ಎಸೀಬೇಕಂದಿ?"

"ಶೇಷ, ಅವ್ವಾ. ಬಟ್ಟಿ ಮ್ಯಾಲ ಉಳದದ್ದು."

"ನಾ ದಿನಾ ನೀರು ಸೋಸಿ, ಬಟ್ಟಿ ಮ್ಯಾಲ ಉಳದದ್ದನ್ನ ಬಾವಿಗೆ ಒಯ್ದು ಹಗೂರಕ ಬಿಟ್ಟು ಬರ್ತೀನಲ್ಲಾ, ಎದಕ ಅಂತ ತಿಳದಿ? ಅದರಾಗ ಜೀವ ಇರ್ತಾವ. ಎಸೀಬೇಕು ಅಂತ ಹುಡುಗರಿಗೆ ಕಲಸ್ತೀಯೇನು? ಇದಕ್ಕ ಸರಕಾರ ಪಗಾರ ಕೊಡತೈತಿ?"

ಇವರು ಅರ್ಧ ಗಂಟೆ ವಾದಿಸಿದರು. ಕೊನೆಗೆ ನನ್ನ ವಹಿಯಲ್ಲಿ 'ಎಸೆಯಬೇಕು' ಎಂಬುದನ್ನು ತಾವೇ ಹೊಡೆದುಹಾಕಿ 'ಬೇರ್ಪಡಿಸಬೇಕು' ಎಂದು ಬರೆದರು. ಅತ್ತೆಯವರು ಮತ್ತೆ ಜಪಕ್ಕೆ ಕುಳಿತರು. ರಸಾಯನಶಾಸ್ತ್ರ ಅಷ್ಟೇನೂ ದೊಡ್ಡ ಸಂಗತಿಯಲ್ಲ, ಅದನ್ನೂ ಬಗ್ಗಿಸಬಹುದು ಎಂದು ನನಗೆ ಮೊದಲ ಸಲ ಅನಿಸಿತು.

ಪೂರ್ತಿ ಧೈರ್ಯ ಬಂದದ್ದು ತೋಟದಲ್ಲಿ. ನನ್ನ ಮೈದುನ ಭೂಪಾಲ ಓದಿದ್ದು ಏಳನೇ ಇಯತ್ತೆ, ಆದರೆ ದ್ರಾಕ್ಷಿಯ ವಿಷಯದಲ್ಲಿ ಮಿರಜದವರೂ ಬಂದು ಅವನನ್ನು ಕೇಳುತ್ತಿದ್ದರು. ಮಾಸ್ತರರು ಮಾತ್ರ ತೋಟಕ್ಕೆ ಕಾಲಿಡುತ್ತಿರಲಿಲ್ಲ. ಬಿಸಿಲು ತಾಗಿದರೆ ತಲೆನೋವು. ಅಕ್ಟೋಬರಿನ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಮುಗಿದಿತ್ತು. ಬಳ್ಳಿಗೆ ಬೂಜು ಬರದಂತೆ ಹೊಡೆಯುವ ಔಷಧಿಯನ್ನು ಭೂಪಾಲ ಕಲಸುತ್ತಿದ್ದ, ನಾನು ನೀರು ಹೊತ್ತು ಕೊಡುತ್ತಿದ್ದೆ. ಒಂದು ಡ್ರಮ್ಮಿನಲ್ಲಿ ಮೋರ್ಚೂದ, ಅಂದರೆ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ. ಎರಡನ್ನೂ ಕೂಡಿಸಿದ ಮೇಲೆ ಅವನು ಸೊಂಟದ ಕುಡಗೋಲು ತೆಗೆದು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಮೇಲೆತ್ತಿ ಬಿಸಿಲಿಗೆ ತೋರಿಸಿದ. ಅಲಗು ಕೆಂಪಗಾಗಿತ್ತು.

"ಇನ್ನೊಂದೀಟು ಸುಣ್ಣಾ ಬೇಕ್ರಿ ವೈನಿ" ಎಂದ.

ಆರು ವರ್ಷದಿಂದ ಅವನು ಹೀಗೆ ಅದ್ದುವುದನ್ನು ನೋಡಿದ್ದೆ. ಅಂದು ಮಾತ್ರ ಕೊಡವನ್ನು ಅಲ್ಲೇ ಇಳಿಸಿ ನಿಂತುಬಿಟ್ಟೆ. ಕುಡಗೋಲು ಕಬ್ಬಿಣ, ನೀಲಿ ನೀರಿನಲ್ಲಿರುವುದು ತಾಮ್ರ. ಇದು ನಮ್ಮವರ ಏಳನೆಯ ಪಾಯಿಂಟು! ಹಿಂದಿನ ಸಂಜೆಯಷ್ಟೇ ಸ್ಥಾನಪಲ್ಲಟ ಕ್ರಿಯೆ, ಅಂದರೆ ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳಿ ಅದರ ಜಾಗ ಹಿಡಿಯುವುದು, ಎಂದು ಮೂರು ಸಲ ಬರೆಸಿ, ಮೂರು ಸಲವೂ ನಾನು ತಪ್ಪಿ, ಲಟ್ಟಣಿಗೆ ಸೀಳಿದ್ದು. ಉಳಿದ ಸುಣ್ಣ ಹಾಕಿ ಭೂಪಾಲ ಇನ್ನೊಂದು ಕುಡಗೋಲು ಅದ್ದಿದ, ಅದರ ಅಲಗು ಕೆಂಪಾಗಲಿಲ್ಲ. ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಸುಣ್ಣ ಸಾಲದಾಗ ತಾಮ್ರ ಬಿಡಿಯಾಗಿ ಉಳಿಯುತ್ತದೆ, ಕಬ್ಬಿಣ ಸಿಕ್ಕರೆ ಬಂದು ಕೂರುತ್ತದೆ, ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಆ ಸಂತೋಷಕ್ಕೆ ನಾನು ಕೆಂಪಾದ ಕುಡಗೋಲು ಕಸಿದುಕೊಂಡು ಮನೆಗೆ ಓಡಿದೆ. ದಾರಿಯಲ್ಲಿ ಎದುರು ಬಂದ ಇಬ್ಬರು ಬದಿಗೆ ಸರಿದು ನಿಂತರು.

ಇವರು ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದರು. ಕೆಂಪು ಅಲಗು ಹಿಡಿದು ಬಂದ ಹೆಂಡತಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕುಡಗೋಲು ತೆಗೆದುಕೊಂಡು ಉಗುರಿನಿಂದ ಕೆರೆದು ನೋಡಿದರು. ಬಹಳ ಹೊತ್ತು ನೋಡಿದರು. ಎಂಟು ವರ್ಷದಿಂದ ಸ್ಥಾನಪಲ್ಲಟ ಕಲಿಸುತ್ತಿದ್ದ ಆ ಮನುಷ್ಯ ಅದನ್ನು ಕಣ್ಣಿನಿಂದ ಕಂಡದ್ದು ಅದೇ ಮೊದಲು ಎಂದು ಮುಖ ಹೇಳುತ್ತಿತ್ತು. ಶಾಲೆಯಲ್ಲಿ ಮೈಲುತುತ್ತದ ಬಾಟಲಿಯೇನೋ ಇತ್ತು. ಬಳಸಿದರೆ ಖರ್ಚಾಗುತ್ತದೆ ಎಂದು ಮುಖ್ಯ ಗುರುಗಳು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಜೇಬಿಗೆ ಹಾಕಿಕೊಂಡಿದ್ದರು. ಆದರೂ ಇವರು ಸೋಲುವವರ ಪೈಕಿಯಲ್ಲ.

"ಖರೇ ಐತಿ. ಆದರ ಪರೀಕ್ಷಾದಾಗ ಇದನ್ನ ಬರೀಬ್ಯಾಡ. ನಾ ಬರಸಿದ್ದಷ್ಟs ಬರಿ."

"ಯಾಕ್ರಿ? ಇದು ಸುಳ್ಳೇನು?"

"ಸುಳ್ಳಲ್ಲ. ಪೇಪರ್ ತಿದ್ದಾವ್ರು ಭೂಪಾಲ ಅಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಪಕ್ಷವಾದವು. ನಾನು, ಭೂಪಾಲ, ಅತ್ತೆಯವರು ಒಂದು ಕಡೆ. ಪಠ್ಯಪುಸ್ತಕ ಮತ್ತು ಇವರು ಇನ್ನೊಂದು ಕಡೆ. ಅವರ ಹತ್ತು ಪಾಯಿಂಟಿಗೂ ನಾನು ನನ್ನ ಹತ್ತು ಕೂಡಿಸುತ್ತಾ ಹೋದೆ. ಗಡಸು ನೀರು ಎಂದರೆ ನಮ್ಮ ಬೋರಿನ ನೀರು, ಬೇಳೆ ಬೇಯುವುದಿಲ್ಲ. ತಟಸ್ಥೀಕರಣ ಎಂದರೆ ಬೆಲ್ಲದ ಗಾಣದಲ್ಲಿ ಕಬ್ಬಿನ ಹಾಲು ಹುಳಿಯಾಗಿದ್ದರೆ ಕೊಪ್ಪರಿಗೆಗೆ ಸುಣ್ಣದ ನೀರು ಬಿಡುವುದು. ನಿಜ ಹೇಳುತ್ತೇನೆ, ಎಲ್ಲವೂ ಅರ್ಥವಾಯಿತು. ಹದಿನಾರರ ವಯಸ್ಸಿನಲ್ಲಿ ದೆವ್ವ ಕಂಡಂತೆ ಹೆದರಿದ್ದ ವಿಷಯ ಇದೇನೇ ಎಂದು ನನಗೇ ನಗು ಬಂತು. ಪರೀಕ್ಷೆಯ ಹಿಂದಿನ ದಿನ ಇವರು ಏಳನೆಯ ಪಾಯಿಂಟನ್ನು ಒಪ್ಪಿಸಲು ಹೇಳಿದಾಗ ನಾನು ಎದ್ದು ನಿಂತು, "ಅದನ್ನ ಬಿಡ್ರಿ. ನನ್ನ ಉತ್ತರ ನಾನs ಬರೀತೀನಿ. ಪಾಸ್ ಆಗ್ತೀನೋ ಇಲ್ಲೋ ನೋಡ್ರಿ" ಎಂದೆ. ಅತ್ತೆಯವರು ಮೂಲೆಯಿಂದ, "ಬರೀಲಿ ಬಿಡೋ" ಎಂದರು.

ಪರೀಕ್ಷೆ ಅಥಣಿಯಲ್ಲಿ. ಇವರು ರಜೆ ಹಾಕಿ ಜೊತೆಗೆ ಬಂದರು. ನಾನು ಒಳಗೆ ಹೋದ ಮೇಲೆ ಕಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ, ಉಳಿದ ಪರೀಕ್ಷಾರ್ಥಿಗಳ ಅಪ್ಪಂದಿರ ನಡುವೆ ಕುಳಿತರು. ಹೊರಗೆ ಬಂದು ನೋಡಿದರೆ ಅಂಗಿ ಬೆನ್ನಿಗೆ ಅಂಟಿತ್ತು. ಬಸ್ಸಿನಲ್ಲಿ ಕುಳಿತು ಪ್ರಶ್ನೆಪತ್ರಿಕೆ ಬಿಡಿಸಿದರು. ಅದರಲ್ಲಿ ಇತ್ತು: 'ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಮುಳುಗಿಸಿದಾಗ ಏನಾಗುತ್ತದೆ? ಕಾರಣ ಕೊಡಿ.'

"ಏನ ಬರದಿ?"

"ಏನ ಬರೀತೀನಿ ಅಂತ ಹೇಳಿದ್ನಲ್ರಿ. ಕುಡಗೋಲು ಕೆಂಪಾಗತೈತಿ, ಇನ್ನೊಂದೀಟು ಸುಣ್ಣಾ ಹಾಕಬೇಕು, ಇಲ್ಲಾಂದ್ರ ಎಲಿ ಸುಡತಾವ ಅಂತ ಬರದೇನಿ."

ಇವರು ಪತ್ರಿಕೆ ಮಡಚಿ ಜೇಬಿಗೆ ಇಟ್ಟುಕೊಂಡು, ಊರು ಬರುವವರೆಗೆ ಕಿಟಕಿಯ ಹೊರಗೆ ಕಬ್ಬು ನೋಡುತ್ತಾ ಕುಳಿತರು. ಮನೆಯಲ್ಲಿ ಈ ಸುದ್ದಿ ಕೇಳಿ ಭೂಪಾಲ ಖುಷಿಗೆ ನನಗೊಂದು ಕೈಗಡಿಯಾರ ತಂದುಕೊಟ್ಟ. ಫಲಿತಾಂಶ ಬರಲಿ ಎಂದರೂ ಕೇಳಲಿಲ್ಲ.

ಫಲಿತಾಂಶ ಬಂತು, ನಾನು ಪಾಸಾಗಿದ್ದೆ. ನಲವತ್ತೊಂಬತ್ತು ಅಂಕ! ಅಂಗನವಾಡಿಯೂ ಬಂತು. ಮೊದಲ ದಿನ ಮೂಗು ಸೋರುವ ಒಂದು ಹುಡುಗಿ ಬಂದು ನನ್ನ ಸೆರಗಿನಿಂದಲೇ ಮೂಗು ಒರೆಸಿಕೊಂಡು "ಅಕ್ಕೋರs, ಮನಿಗೆ ಹೋಗ್ಲಿ?" ಎಂದಾಗ ನನಗೆ ಅಳು ಬಂದಿತ್ತು. ಇತ್ತ ಮಾಸ್ತರರು ಮುಂದಿನ ವರ್ಷ ತಮ್ಮನ ಕುಡಗೋಲು, ಒಂದು ಬಕೆಟ್, ಒಂದು ಪುಡಿಕೆ ಮೋರ್ಚೂದ ಹಿಡಿದು ಶಾಲೆಗೆ ಹೋದರು. ಮಕ್ಕಳೆದುರು ಅಲಗು ಅದ್ದಿ ತೋರಿಸಿದರು. ಅದನ್ನು ನೋಡಲು ಗಣಿತದ ಮಾಸ್ತರರೂ ಬಂದರಂತೆ. ತೋರಿಸಿದ ಮೇಲೆ ಎಂದಿನ ಪಾಯಿಂಟನ್ನೇ ಬರೆಸಿದರು ಎಂಬುದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೆದ್ದವಳು ನಾನು. ಅಂಗನವಾಡಿಗೆ ಬಂದ ತಾಯಂದಿರಿಗೆ, ತರಬೇತಿಯಲ್ಲಿ ಸಿಕ್ಕ ರಾಯಬಾಗದ ಅಕ್ಕೋರಿಗೆ, ನಿಪ್ಪಾಣಿಯ ಬಸ್ಸಿನಲ್ಲಿ ಪಕ್ಕ ಕುಳಿತ ಪರಿಚಯವಿಲ್ಲದವರಿಗೂ ಹೇಳಿದೆ: ಉರು ಹೊಡೆಯಬೇಡಿ, ಕಂಡದ್ದನ್ನು ಬರೆಯಿರಿ, ನಾನು ಕುಡಗೋಲು ಬರೆದೇ ಪಾಸಾದವಳು. ನಾನು ಹೇಳುವಾಗ ಇವರು ಹತ್ತಿರವಿದ್ದರೆ ಸುಮ್ಮನೆ ಕೆಮ್ಮುತ್ತಿದ್ದರು. ಸೋತವರ ಕೆಮ್ಮು ಎಂದು ನಾನು ಬಿಟ್ಟುಬಿಡುತ್ತಿದ್ದೆ.

ಹೀಗೆ ನಾಲ್ಕೈದು ವರ್ಷ ಸುಖವಾಗಿದ್ದೆ. ಒಂದು ಭಾನುವಾರ ಬೆಳಗ್ಗೆ ಸುರೇಖಾ ಬಂದಳು. ನಮ್ಮ ಓಣಿಯ ಹುಡುಗಿ, ಇವರ ವಿದ್ಯಾರ್ಥಿನಿ, ಓದಿನಲ್ಲಿ ಬಹಳ ಚುರುಕು. ಎಸ್ಸೆಸ್ಸೆಲ್ಸಿ ಮುಗಿಸಿ ನರ್ಸಿಂಗ್ ಓದಬೇಕೆಂದು ಹಟ ಹಿಡಿದಿದ್ದಳು. ಕೈಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಇತ್ತು. ಆ ಪರೀಕ್ಷೆಯ ಪತ್ರಿಕೆಗಳನ್ನು ಒಂದು ಶಾಲೆಯವರು ಇನ್ನೊಂದು ಶಾಲೆಗೆ ಕಳಿಸಿ ತಿದ್ದಿಸುವ ರೂಢಿ. ಹುಡುಗಿ ಮೊಳೆಯ ಪ್ರಶ್ನೆಗೆ ಪೂರಾ ಒಂದು ಪುಟ ಬರೆದಿದ್ದಳು. ಕುಡಗೋಲು, ಸುಣ್ಣ, ಎಲೆ ಸುಡುವುದು, ಕೊನೆಗೆ ಯಾವ ತಿಂಗಳು ಎಷ್ಟು ಸಲ ಹೊಡೆಯಬೇಕು ಎಂಬುದೂ. ಪಕ್ಕದಲ್ಲಿ ದೊಡ್ಡ ಸೊನ್ನೆ, ಅದರ ಕೆಳಗೆ ಕೆಂಪು ಶಾಯಿಯಲ್ಲಿ: 'ಇದು ಕೃಷಿ ಮೇಳವಲ್ಲ.'

"ಅಕ್ಕೋರ, ನಿಮಗ ಇದಕ್ಕ ಹೆಂಗ ಮಾರ್ಕ್ಸ್ ಕೊಟ್ಟಾರ್ರಿ?" ಎಂದು ಕೇಳಿದಳು. ಕಣ್ಣು ತುಂಬಿತ್ತು. "ಮುಂದಿನ ತಿಂಗಳು ಬೋರ್ಡ್ ಪರೀಕ್ಷಾ ಐತ್ರಿ. ಅಲ್ಲೂ ಹಿಂಗs ಬರೀಲ್ರಿ?"

ನಿನ್ನ ಪತ್ರಿಕೆ ತಿದ್ದಿದವರಿಗೆ ದ್ರಾಕ್ಷಿಯ ಗಂಧವಿಲ್ಲ ಎಂದು ಹೇಳಿ ಕಳಿಸಿಬಿಡಲು ನಾಲಿಗೆಯ ತುದಿಗೆ ಮಾತು ಬಂದಿತ್ತು. ಆದರೆ ಆ ಸೊನ್ನೆ ನನ್ನನ್ನೇ ನೋಡುತ್ತಿತ್ತು. ನನಗೆ ಅಥಣಿಯ ಆ ಕೋಣೆ ಕಣ್ಣ ಮುಂದೆ ಬಂತು. ಆ ದಿನ ಪ್ರಶ್ನೆ ಓದಿದೊಡನೆ ನಾನು 'ಕುಡಗೋಲು' ಎಂದು ಬರೆದದ್ದು ನಿಜ. ಆಮೇಲೆ ಅದನ್ನೇ ನೋಡುತ್ತಾ ಕುಳಿತೆ. ಒಂಬತ್ತು ಅಂಕ ನೆನಪಾಯಿತು, ಅಂಗನವಾಡಿ ನೆನಪಾಯಿತು. ಬರೆದದ್ದನ್ನು ನಾಲ್ಕು ಗೀಟು ಎಳೆದು ಹೊಡೆದುಹಾಕಿ, ಇವರು ಬರೆಸಿದ್ದನ್ನೇ ಬರೆದೆ. ಬಸ್ಸಿನಲ್ಲಿ ಅದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಮನೆಗೆ ಬಂದಮೇಲೆ ಕೈಗಡಿಯಾರ ಬಂತು, ಪಾಸಾದ ಮೇಲೆ ಇಷ್ಟು ಜನ ಕೇಳುವವರು ಬಂದರು. ಯಾವಾಗ ಹೇಳಲಿ ಹೇಳಿ?

ಒಳಗೆ ಇವರು ಇದ್ದಾರೆ ಎಂದು ದನಿ ತಗ್ಗಿಸಿದೆ. "ಸುರೇಖಾ, ತಿಳ್ಕೊಳ್ಳಾಕ ಕುಡಗೋಲು ಛಲೋ ಐತೆವ್ವಾ. ಬರಿಯೋದು ಮಾತ್ರ ಸರ್ ಬರಸಿದ್ದನ್ನs ಬರಿ."

"ಮತ್ತ ನೀವು ಬರದಿದ್ರಂತಲ್ರಿ?"

"ಇಲ್ಲವ್ವಾ. ಹೆದರಿ ನಾನೂ ಸರ್ ಬರಸಿದ ಮೂರು ಸಾಲs ಬರದೇನಿ. ಇಷ್ಟು ದಿನಾ ಎಲ್ಲಾರ ಮುಂದ ಸುಳ್ಳು ಹೇಳೇನಿ."

ಹುಡುಗಿ ನನ್ನನ್ನೊಮ್ಮೆ, ಸೊನ್ನೆಯನ್ನೊಮ್ಮೆ ನೋಡಿ, ಕಣ್ಣೊರೆಸಿಕೊಂಡು ನಕ್ಕಳು. ಯಾರಿಗೂ ಹೇಳುವುದಿಲ್ಲ ಎಂದು ತಾನಾಗಿಯೇ ಹೇಳಿ ಹೋದಳು. ನನಗೂ ಎದೆ ಹಗುರಾಯಿತು. ನಾಲ್ಕೈದು ವರ್ಷದ ಭಾರ ಇಳಿಸಿ, ಗಂಡನಿಗೆ ಮಾತ್ರ ಗೊತ್ತಾಗದಂತೆ ಜಾಣತನದಿಂದ ಕೆಲಸ ಮುಗಿಸಿದೆನೆಂದುಕೊಂಡು ಒಳಗೆ ಹೋದೆ. ಇವರು ನೆಲದ ಮೇಲೆ ಕುಳಿತು ಮಕ್ಕಳ ಪತ್ರಿಕೆ ತಿದ್ದುತ್ತಿದ್ದರು. ತಲೆ ಎತ್ತಲಿಲ್ಲ, ಕೆಂಪು ಪೆನ್ನೂ ನಿಲ್ಲಿಸಲಿಲ್ಲ.

"ಮೂರಲ್ಲ, ನಾಲ್ಕು ಸಾಲು ಬರಸಿದ್ದೆ" ಎಂದರು. "ದ್ರಾವಣದ ನೀಲಿ ಬಣ್ಣ ಹೋಗಿ ತಿಳಿ ಹಸರ ಆಗತೈತಿ ಅಂತ. ಅದನ್ನ ಬರದಿದ್ದೀಯೋ, ಬಿಟ್ಟಿದ್ದೀಯೋ?"

ಬಿಟ್ಟಿದ್ದೆ.